ನೇವಿ ನಾಗಣ್ಣನ ಕರಡಿಗೆ

"ಅಷ್ಟು ಬಿಗಿಬ್ಯಾಡೋ. ಕೊರಳಿಗೆ ಏನರ ಒತ್ತಿದ್ರ ಅವರಿಗೆ ಆಗ್ತಿದ್ದಿಲ್ಲ" ಎಂದು ಚಂದಮ್ಮ ಮಗನನ್ನು ಗದರಿದಳು.

ಶರಣಕುಮಾರ ಕೈ ಸಡಿಲಿಸಿದ. ತೀರಿಕೊಂಡ ಅಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದಾಗಿತ್ತು. ತಲೆ ಮಾತ್ರ ಮಾತು ಕೇಳುತ್ತಿರಲಿಲ್ಲ, ಮತ್ತೆ ಮತ್ತೆ ಬಲಕ್ಕೆ ವಾಲುತ್ತಿತ್ತು. ಕಡೆಗೆ ಧೋತರದ ಅಂಚನ್ನು ಗದ್ದದ ಕೆಳಗಿಂದ ತಂದು ಮೇಲಿನ ಗೂಟಕ್ಕೆ ಕಟ್ಟಿ, ಅದು ಕಾಣದಂತೆ ರುಮಾಲು ಸುತ್ತಿದ ಮೇಲೆ ನಾಗಣ್ಣ ನೆಟ್ಟಗೆ ಕುಳಿತ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗವಿದ್ದ ಬೆಳ್ಳಿ ಕರಡಿಗೆ. ಬದುಕಿದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕುಳಿತ ಮನುಷ್ಯನಲ್ಲ ಅವನು.

ಗೋಗಿ ಊರಿನವರಿಗೆ ಅವನು ನೇವಿ ನಾಗಣ್ಣ. ಊರಿನಿಂದ ಸಮುದ್ರ ಎಷ್ಟು ದೂರ ಎಂದು ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಆ ಸಮುದ್ರದಲ್ಲಿ ನಾಗಣ್ಣ ಏನೇನು ಮಾಡಿದ ಎಂಬುದು ಎಲ್ಲರಿಗೂ ಗೊತ್ತು.

"ಎಪ್ಪತ್ತೊಂದರ ಲಡಾಯಿದಾಗ ತೋಪು ಹೊಡದಾನಪ" ಎಂದು ಪಕ್ಕದ ಮನೆಯ ದ್ಯಾವಪ್ಪ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. "ಒಂದೇ ಗುಂಡಿಗೆ ವೈರಿ ಹಡಗ ಎರಡು ಹೋಳು."

"ಒಂದ್ ಹಡಗಲ್ಲ, ಮೂರು ಅಂತ" ಎಂದಳು ಅವನ ಹೆಂಡತಿ ಶೇಖಮ್ಮ, ಕಣ್ಣೊರೆಸಿಕೊಂಡು.

ಚಂದಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನೋಡಿದವರಿಗೆ ಅಳು ಅನ್ನಿಸಿರಬೇಕು. ಲಡಾಯಿ ಮುಗಿಯುವವರೆಗೆ ತಾನು ಸಮುದ್ರವನ್ನೇ ಸರಿಯಾಗಿ ನೋಡಲಿಲ್ಲವೆಂದು ನಾಗಣ್ಣ ನೂರು ಸಲ ಹೇಳಿದ್ದ. ಅವನ ಕೆಲಸವೆಲ್ಲ ಹಡಗಿನ ಹೊಟ್ಟೆಯೊಳಗೆ, ಬಾಯ್ಲರಿನ ಮುಂದೆ. "ನಾನೂ ನಿನ್ನಂಗನ, ಒಲಿ ಕಾಯೂ ಮನಷ್ಯಾ" ಎಂದು ಹೆಂಡತಿಯನ್ನು ಕಾಡಿಸುತ್ತಿದ್ದ. ಊರು ಕೇಳಿಸಿಕೊಂಡರೆ ತಾನೆ? ಊರಿಗೆ ತೋಪೇ ಬೇಕು.

ಅಳು ಬಂದಿರಲಿಲ್ಲವೆಂದಲ್ಲ. ಬೆಳಿಗ್ಗೆ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಕುಳಿತಲ್ಲೇ ಹೋದವನನ್ನು ಕಂಡು ಅವಳು ಮನಸಾರೆ ಅತ್ತಿದ್ದಳು. ಅತ್ತ ಮೇಲೆ ಎದೆ ಹಗುರವಾಗಿತ್ತು. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ, ಚಹಾಕ್ಕೆ ಸಕ್ಕರೆ ಕಮ್ಮಿಯಾಗಿದೆ ಎಂದು ತಕರಾರು ತೆಗೆದೇ ಹೋದ. ಇನ್ನೇನು ಬೇಕು ಒಬ್ಬ ಮನುಷ್ಯನಿಗೆ?

ಅಷ್ಟರಲ್ಲಿ ಶರಣಕುಮಾರ ಫೋನು ಹಿಡಿದುಕೊಂಡು ಹತ್ತಿರ ಬಂದ.

"ಅವ್ವ, ಸುರಪುರದಿಂದ ವಹಾಬ ಕಾಕಾ ಹೊಂಟಾರಂತ. ಮಠದ ಅಯ್ಯನೋರ ಸಂಗಟ ಏನೋ ಮಾತಾಡೂದದಂತ. ನಾ ಬರೂತನ ಲಿಂಗ ಕೈಯಾಗ ಇಡಬ್ಯಾಡ್ರಿ ಅಂದ್ರು."

"ಏನು ಮಾತಂತ?"

"ಹೇಳಲಿಲ್ಲ. ನನ್ನ ಪಾಪದ ಮಾತದ ಬೇಟಾ ಅಂದ್ರು."

ಆ ಮಾತು ಯಾವುದೆಂದು ಚಂದಮ್ಮನಿಗೆ ಗೊತ್ತಿತ್ತು. ಮಣ್ಣು ಮಾಡುವ ಕುಣಿಯ ಹತ್ತಿರ, ಬೀಗರು ಬಿಜ್ಜರು ನೆರೆದಲ್ಲಿ ವಹಾಬ ಅದನ್ನು ಆಡಿಬಿಟ್ಟರೆ ಮುಗಿಯಿತು. ಈ ಲಿಂಗ ಬೇಡ, ಮಠದಿಂದ ಬೇರೆ ತರಿಸಿ ಎಂದು ನಾಲ್ಕು ಜನ ಎದ್ದೇ ಏಳುತ್ತಾರೆ. ನಾಗಣ್ಣ ಅವಳಲ್ಲಿ ಕೇಳಿಕೊಂಡಿದ್ದು ಒಂದೇ: "ಮಣ್ಣಾಗ ಕೂಡಿಸುವಾಗ ನನ್ನ ಕೈಯಾಗ ಇದನ್ನೇ ಇಡಸು. ಬ್ಯಾರೇದು ಬ್ಯಾಡ."

"ಮತ್ತೊಮ್ಮಿ ಫೋನ್ ಹಚ್ಚು" ಎಂದಳು. ಹಚ್ಚಿದರೂ ವಹಾಬ ಎತ್ತಲಿಲ್ಲ. ಅವನ ಅರ್ಧ ಕಿವಿ ಬಾಯ್ಲರ್ ಸದ್ದಿಗೇ ಹೋಗಿತ್ತು.

* * *

ನಾಗಣ್ಣ, ವಹಾಬ ಇಬ್ಬರೂ ಒಂದೇ ದಿನ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿದವರು. ವಹಾಬನಿಗೆ ಸಮುದ್ರ ನೋಡುವ ಆಸೆ, ನಾಗಣ್ಣನಿಗೆ ವಹಾಬನ ಜೊತೆ ಹೋಗುವ ಆಸೆ. ನೇವಿಯವರು ಇಬ್ಬರನ್ನೂ ತೆಗೆದುಕೊಂಡು ಒಂದೇ ಹಡಗಿನ ಬಾಯ್ಲರ್ ಕೋಣೆಗೆ ಇಳಿಸಿದರು.

ಆ ಬಿಸಿಗೆ ಬೆಳ್ಳಿ ಕರಡಿಗೆ ಕಾದು ಎದೆ ಸುಡುತ್ತಿತ್ತು. ಬಿಚ್ಚಿಡು ಎಂದು ಮೇಲಿನವರು ಹೇಳಿ ಸೋತರು. ನಾಗಣ್ಣ ಅದಕ್ಕೊಂದು ಬಟ್ಟೆ ಸುತ್ತಿಕೊಂಡನೇ ಹೊರತು ಬಿಚ್ಚಲಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವನಿಗೆಂದು ಕಟ್ಟಿದ ಲಿಂಗ ಅದು. ಅಂಗೈಯಲ್ಲಿಟ್ಟು ಪೂಜಿಸಿ, ಅದಕ್ಕೆ ತೋರಿಸಿದ ಮೇಲೆಯೇ ಅವನು ಅನ್ನ ಉಣ್ಣುವುದು, ನೀರು ಕುಡಿಯುವುದು.

ಲಡಾಯಿಯಲ್ಲಿ ಒಂದು ದಿನ ಮೇಲೆ ತೋಪುಗಳು ಹಾರಿದ ಹೊಡೆತಕ್ಕೆ ಹಡಗು ಅದುರಿತು. ಎಣ್ಣೆ, ಬೆವರು ಕುಡಿದು ಮೆತ್ತಗಾಗಿದ್ದ ಶಿವದಾರ ಹರಿಯಿತು. ಕರಡಿಗೆ ಕಬ್ಬಿಣದ ನೆಲಕ್ಕೆ ಬಿದ್ದು ಬಾಯಿ ತೆರೆಯಿತು. ಲಿಂಗ ಹೊರಳಿ ಹೋಗಿ, ನೆಲದ ತಗಡುಗಳ ಸಂದಿಯಲ್ಲಿ ನುಸುಳಿ, ಹಡಗಿನ ತಳದಲ್ಲಿ ನಿಂತ ಕರಿ ಎಣ್ಣೆನೀರಿಗೆ ಬಿತ್ತು.

ನಾಗಣ್ಣ ಕೆಲಸ ಬಿಡಲಿಲ್ಲ. ಆದರೆ ನೀರು ಮುಟ್ಟಲಿಲ್ಲ. ಆ ಕೋಣೆಯಲ್ಲಿ ಗಡಿಗೆಗಟ್ಟಲೆ ನೀರು ಕುಡಿದರೂ ಬಾಯಿ ಒಣಗುತ್ತದೆ. ಸಾಹೇಬರು ಬೈದರು, ಜೊತೆಯವರು ಕೈ ಮುಗಿದರು. "ಲಿಂಗಕ್ಕ ತೋರಸಲಾರದ ನೀರು ನನಗ ಇಳಿಯಂಗಿಲ್ಲ" ಎಂದ. ಎರಡು ಪಾಳಿ ಕಳೆಯುವಷ್ಟರಲ್ಲಿ ತುಟಿ ಒಡೆದು, ನಿಂತಲ್ಲೇ ತೂರಾಡತೊಡಗಿದ.

ವಹಾಬ ತಗಡು ಎತ್ತಿಸಿ, ಹೆಗಲಿನವರೆಗೆ ತೋಳು ಇಳಿಸಿ ಆ ಎಣ್ಣೆನೀರಿನಲ್ಲಿ ತಡಕಾಡಿದ. ಸಿಗಲಿಲ್ಲ. ಮತ್ತೆ ತಡಕಾಡಿದ. ಆಮೇಲೆ ಬಾಯ್ಲರಿನ ಹಿಂದೆ ಹೋದವನು ಬಹಳ ಹೊತ್ತು ಕಾಣಲಿಲ್ಲ. ಬಂದಾಗ ಮುಷ್ಟಿ ಬಿಗಿ ಹಿಡಿದಿದ್ದ.

"ಸಿಕ್ತು ನೋಡಪ. ಮೇಲಿನಾಂವ ದೊಡ್ಡಾಂವ!"

ನಾಗಣ್ಣ ಅಂಗೈ ಒಡ್ಡಿದ. ಲಿಂಗ ಹಗುರವಾಗಿತ್ತು. ಇನ್ನೂ ಬೆಚ್ಚಗಿತ್ತು. ತಳದಲ್ಲಿ ಹೆಬ್ಬೆರಳಿನ ಗುರುತು, ಗೆರೆಗಳ ಸಮೇತ. ಬಾಯ್ಲರಿನ ಇಟ್ಟಿಗೆಗಳ ಸಂದಿಗೆ ಮೆತ್ತುವ ಮಣ್ಣು ಅದು. ಅದನ್ನು ನಾದಿ, ತಿದ್ದಿ, ಕಾದ ತಗಡಿನ ಮೇಲೆ ಒಣಗಿಸಿ, ಮಸಿ ಎಣ್ಣೆ ಉಜ್ಜಿ ಕಪ್ಪು ಮಾಡಿದ್ದು. ದಿನಾ ಅದೇ ಮಣ್ಣು ಮೆತ್ತುವ ನಾಗಣ್ಣನಿಗೆ ತಿಳಿಯದೆ ಇರುತ್ತದೆಯೆ?

ತಲೆ ಎತ್ತಿ ನೋಡಿದ. ವಹಾಬನ ತುಟಿಯೂ ಒಡೆದಿತ್ತು. ಗೆಳೆಯ ಕುಡಿಯಲಿಲ್ಲವೆಂದು ಅವನೂ ಒಂದು ಗುಟುಕು ಕುಡಿದಿರಲಿಲ್ಲ.

ನಾಗಣ್ಣ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡ. ಅದಕ್ಕೆ ತೋರಿಸಿ ಅರ್ಧ ಮಗ್ಗು ನೀರು ಕುಡಿದು, ಉಳಿದರ್ಧ ವಹಾಬನಿಗೆ ಕೊಟ್ಟ.

* * *

"ನಿಮಗ ಗೊತ್ತದ ಅಂತ ವಹಾಬಣ್ಣಗ ಹೇಳಬಾರದಾ?" ಎಂದು ಚಂದಮ್ಮ ಮದುವೆಯಾದ ಹೊಸತರಲ್ಲಿ ಕೇಳಿದ್ದಳು.

"ಹೆಂಗ ಹೇಳ್ಲಿ? ಅವರಾಗ ದೇವ್ರನ್ನ ಹಿಂಗ ಮಾಡಂಗಿಲ್ಲ, ನನ್ನ ಸಲುವಾಗಿ ಮಾಡಿದಾ. ಸುಳ್ಳೂ ಹೇಳಿದಾ. ಪಾಪ, ಅವಗ ಅವರ ದೇವ್ರಿಗೂ ಅಂಜಿಕಿ, ನಮ್ಮ ದೇವ್ರಿಗೂ ಅಂಜಿಕಿ. ಗೊತ್ತದ ಅಂದ್ರ ನಾಚಿ ಇತ್ತ ಕಡೀನ ಬರಂಗಿಲ್ಲ. ನಾ ಇರೂತನ ನೀನೂ ಹೇಳಬ್ಯಾಡ." ಆಮೇಲೆ ನಕ್ಕಿದ್ದ. "ಖರೇ ಲಿಂಗ ಹಡಗದ ಹೊಟ್ಟ್ಯಾಗ ಕುಂತಿತ್ತಲ್ಲ, ಅದಕ್ಕೇ ನಮ್ಮ ಹಡಗ ಮುಳುಗಲಿಲ್ಲ."

ಮದುವೆಗೆಂದು ಬಂದ ಅದೇ ರಜೆಯಲ್ಲಿ ಅವನು ಹೆಂಡತಿಯನ್ನು ಕರೆದುಕೊಂಡು ಮಠದ ಹಿರಿಯ ಅಯ್ಯನವರ ಬಳಿ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದ್ದ. ಅಯ್ಯನವರು ಲಿಂಗವನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನೋ ಕೇಳಿದರು, ನಾಗಣ್ಣ ಉತ್ತರಿಸಿದ. "ನೀರಿನ ತಂಬಿಗಿ ತಾ ತಂಗಿ" ಎಂದರು ಚಂದಮ್ಮನಿಗೆ. ನೀರೆರೆದು, ವಿಭೂತಿ ಹಚ್ಚಿ, ನಾಗಣ್ಣನ ಕಿವಿಯಲ್ಲಿ ಮಂತ್ರ ಹೇಳಿ, ಹೊಸ ಶಿವದಾರದಲ್ಲಿ ಅದನ್ನೇ ಕೊರಳಿಗೆ ಕಟ್ಟಿದರು.

ಇದೊಂದೂ ವಹಾಬನಿಗೆ ತಿಳಿಯದು. ಗೋಗಿಗೆ ಬಂದಾಗಲೆಲ್ಲ, ನಾಗಣ್ಣ ಪೂಜೆಗೆ ಕುಳಿತ ಕೂಡಲೇ ಅವನು "ಎಮ್ಮಿ ನೋಡಿ ಬರ್ತೀನಿ" ಎಂದು ಹಿತ್ತಿಲಿಗೆ ಎದ್ದು ಹೋಗುತ್ತಿದ್ದ. ಆ ಎಮ್ಮೆಯನ್ನು ಅಷ್ಟು ಸಲ ನೋಡಿದವರು ಮತ್ತೊಬ್ಬರಿಲ್ಲ. ಎಮ್ಮೆ ಸತ್ತು ಹಿತ್ತಿಲು ಬರಿದಾದ ಮೇಲೂ ಎದ್ದು ಹೋಗುತ್ತಿದ್ದ.

* * *

ಹೊತ್ತು ಇಳಿಯುತ್ತಿದೆ, ಇನ್ನು ಕಾಯುವುದು ಬೇಡವೆಂದು ಹಿರಿಯರು ಎಬ್ಬಿಸಿದರು. ಭಜನೆಯವರು ಮುಂದೆ, ಕುಳಿತ ನಾಗಣ್ಣ ನಡುವೆ, ಹೆಂಗಸರು ಹಿಂದೆ. ಹೊಲದ ಮೂಲೆಯಲ್ಲಿ ಕುಣಿ ತೋಡಿದ್ದರು. ಅವನನ್ನು ಇಳಿಸಿ, ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ, ವಿಭೂತಿ ಪತ್ರಿ ಇಟ್ಟರು. ಚಂದಮ್ಮನ ಕಣ್ಣು ಮಾತ್ರ ರಸ್ತೆಯ ಮೇಲಿತ್ತು. ವಹಾಬ ತಡವಾಗಿ ಬಂದರೆ ಚೆನ್ನ ಎಂದು ಒಂದು ಮನಸ್ಸು. ಗೆಳೆಯನ ಮುಖ ಕಾಣದಂತಾದರೆ ಅವನ ಗತಿಯೇನು ಎಂದು ಇನ್ನೊಂದು ಮನಸ್ಸು.

ವಿಶ್ವರಾಧ್ಯ ಅಯ್ಯ ಆ ಹಿರಿಯ ಅಯ್ಯನವರ ಮೊಮ್ಮಗ, ಇನ್ನೂ ಹರೆಯದವನು. ಕುಣಿಯ ಅಂಚಿನಲ್ಲಿ ಕುಳಿತು ಕರಡಿಗೆ ಬಿಚ್ಚಿದ. ಲಿಂಗವನ್ನು ಹೊರತೆಗೆದು, ವಿಭೂತಿ ಹಚ್ಚುತ್ತ ತಿರುಗಿಸಿದವನು ಹುಬ್ಬು ಗಂಟಿಕ್ಕಿದ.

"ಇದೇನ್ರಿ, ತಳದಾಗ ಬೆರಳಿನ ಗುರ್ತದ?"

ಆಗಲೇ ತೊಗರಿಯ ಸಾಲಿನಲ್ಲಿ ಬಿಳಿ ಟೊಪ್ಪಿಗೆ ಕಾಣಿಸಿತು. ವಹಾಬ ಏದುಸಿರು ಬಿಡುತ್ತ, ದೂರದಿಂದಲೇ ಕೈ ಎತ್ತಿದ.

"ತಡೀರಿ ಅಯ್ಯನೋರೆ! ನಾ ಒಂದ್ ಮಾತು ಹೇಳೂದದ. ಆ ಲಿಂಗ..."

ಭಜನೆ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಚಂದಮ್ಮ ಎದ್ದು ಇಬ್ಬರ ನಡುವೆ ನಿಂತಳು.

"ಆ ಲಿಂಗ ನಿಮ್ಮ ಮುತ್ಯಾನೋರು ಕೈಯಾರೆ ಕಟ್ಟಿದ್ದು, ಅಯ್ಯನೋರೆ" ಎಂದಳು, ಎಲ್ಲರಿಗೂ ಕೇಳುವಂತೆ. "ನೀರಿನ ತಂಬಿಗಿ ಹಿಡಕೊಂಡು ನಾ ಅಲ್ಲೇ ನಿಂತಿದ್ದೆ. ಆ ಗುರ್ತು ಅವತ್ತೂ ಇತ್ತು. ನಿಮ್ಮ ಮುತ್ಯಾನೋರೂ ನೋಡ್ಯಾರ, ಕೇಳ್ಯಾರ, ಕೇಳಿ ಮ್ಯಾಲೇ ಕಟ್ಟ್ಯಾರ."

"ಮುತ್ಯಾ ಕಟ್ಟಿದ್ದಂದ್ರ ನಾ ಯಾರ್ರಿ ಕೇಳಾಕ" ಎಂದ ವಿಶ್ವರಾಧ್ಯ ಅಯ್ಯ.

ವಹಾಬ ಬಾಯಿ ತೆರೆದು ನಿಂತಿದ್ದ. ಚಂದಮ್ಮ ಅವನ ಹತ್ತಿರ ಹೋಗಿ, ಕೇಳುವ ಕಿವಿಯ ಕಡೆ ನಿಂತಳು.

"ಇದನ್ನ ಯಾರು ಮಾಡ್ಯಾರಂತ ಹಿರೇ ಅಯ್ಯನೋರು ಕೇಳಿದ್ರು, ವಹಾಬಣ್ಣ."

"ಅದಕ್ಕ ಇಂವ ಏನಂದಾ, ಭಾಬಿ?"

"ನಮ್ಮ ವಹಾಬ ಮಾಡ್ಯಾನ, ಅಂದ್ರು."

ವಹಾಬ ಕುಣಿಯ ಪಕ್ಕದ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತ. "ಅವಗ ಗೊತ್ತಿತ್ತಾ?"

"ಕೈಯಾಗ ಹಿಡದಾಗನ ಗೊತ್ತಾಗ್ಯಾದ. ಇನ್ನಾ ಬೆಚ್ಚಗಿತ್ತಂತ."

ಅವನು ಕುಣಿಯೊಳಗೆ ನೆಟ್ಟಗೆ ಕುಳಿತಿದ್ದ ಗೆಳೆಯನನ್ನು ನೋಡಿದ.

"ಹರಾಮಖೋರ" ಎಂದ. "ಇಷ್ಟ್ ವರ್ಷ ನನ್ನ ಎಮ್ಮಿ ಕಾಯಾಕ ಹಚ್ಚ್ಯಾನಲ್ಲ ಭಾಬಿ!"

ಚಂದಮ್ಮನಿಗೆ ನಗು ತಡೆಯಲಾಗಲಿಲ್ಲ. ವಹಾಬನೂ ನಕ್ಕ, ನಗುನಗುತ್ತಲೇ ಬಿಕ್ಕಿದ. ಬೀಗರು ಮುಖ ಮುಖ ನೋಡಿಕೊಂಡರು. "ತೋಪಿನ ಸುದ್ದಿ ಇರಬೇಕು" ಎಂದು ದ್ಯಾವಪ್ಪ ಅವರಿಗೆ ತಿಳಿಸಿ ಹೇಳಿದ.

"ಅಯ್ಯನೋರೆ, ಅವರ ಗೆಳೆಯ ಒಂದ್ ಸಲ ಮುಟ್ಟಲಿ" ಎಂದಳು ಚಂದಮ್ಮ.

ವಿಶ್ವರಾಧ್ಯ ಅಯ್ಯ ಸ್ವಲ್ಪ ಹಿಂದುಮುಂದು ನೋಡಿದ. ಅವಳ ಮುಖ ನೋಡಿ, ವಿಭೂತಿ ಹಚ್ಚಿದ ಲಿಂಗವನ್ನು ತಳ ಮೇಲಾಗಿ ಹಿಡಿದ. ವಹಾಬ ಕೈಯನ್ನು ಅಂಗಿಗೆ ಒರೆಸಿಕೊಂಡು, ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟ. ವಯಸ್ಸಿಗೆ ಬೆರಳು ದಪ್ಪವಾಗಿ ಅಂಚು ಹೊರಗುಳಿಯಿತು. ಆದರೂ ತನ್ನ ಜಾಗ ಹಿಡಿದು ಕುಳಿತಿತು.

ಆಮೇಲೆ ಅಯ್ಯ ಇಳಿದು ಲಿಂಗವನ್ನು ನಾಗಣ್ಣನ ಎಡ ಅಂಗೈಯಲ್ಲಿ ಇಟ್ಟ. ಎಲ್ಲರೂ ಪತ್ರಿ ಹಾಕಿದರು, ಮಣ್ಣು ಹಾಕಿದರು. ವಹಾಬನೂ ಎಡಗೈಯಿಂದ ಹಿಡಿ ಮಣ್ಣು ಹಾಕಿದ. ಯಾಕೆ ಎಡಗೈ ಎಂದು ಯಾರೂ ಕೇಳಲಿಲ್ಲ.

ಹೊಲದ ಪಂಪು ಹಚ್ಚಿದಾಗ ಜನ ಕೈಕಾಲು ತೊಳೆಯಲು ಸಾಲಾಗಿ ನಿಂತರು. ಚಂದಮ್ಮ ಮುಖ ತೊಳೆದು ತಲೆ ಎತ್ತಿದಳು. ವಹಾಬ ಬಲಗೈಯ ನಾಲ್ಕು ಬೆರಳುಗಳನ್ನಷ್ಟೇ ನೀರಿಗೆ ಒಡ್ಡಿ, ವಿಭೂತಿ ಹತ್ತಿದ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದುಕೊಂಡಿದ್ದ.