ಮೂರು ಸಿಲಿಂಡರಿನ ದೋಷ

ಕಾರು ಓಡಿಸಲು ಬಾರದವರೇ ಎಂಜಿನ್ನಿನ ಬಗ್ಗೆ ಹೆಚ್ಚು ಮಾತಾಡುತ್ತಾರೆ ಎಂಬುದು ವೇದಾವತಿಗೆ ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ ಗೊತ್ತಾಯಿತು. ಗೋಪಾಳ ಬಡಾವಣೆಯ ಅವರ ಮನೆಯಲ್ಲಿ ನಾಲ್ಕು ಭಾನುವಾರದಿಂದ ಹೊಸ ಕಾರು ಕೊಳ್ಳುವ ಪುರಾಣ. ಗಂಡ ಗುರುಪ್ರಸಾದನಿಗೆ ಲೈಸೆನ್ಸ್ ಇದೆ. ಏರಿನಲ್ಲಿ ಗಾಡಿ ಆಫ್ ಆದರೆ ಇಳಿದು ಸ್ಟಿಯರಿಂಗನ್ನು ಅವಳಿಗೆ ಬಿಟ್ಟುಕೊಡುವ ಅಭ್ಯಾಸವೂ ಇದೆ. ಅವನ ದೊಡ್ಡಪ್ಪ ತ್ರಿವಿಕ್ರಮ ಭಟ್ಟರಿಗೆ ಲೈಸೆನ್ಸೂ ಇಲ್ಲ. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಅವರಿಗೆ ಸೀಟ್ ಬೆಲ್ಟ್ ಹಾಕಿಕೊಳ್ಳಲು ಇನ್ನೊಬ್ಬರು ಬೇಕು. ಆದರೂ ಅವರನ್ನು ಕೇಳದೆ ಈ ಮನೆಯೊಳಗೆ ಒಂದು ಮಿಕ್ಸಿಯೂ ಬಂದದ್ದಿಲ್ಲ.

ಕಾರು ಯಾವುದೆಂದು ಬೇಗ ತೀರ್ಮಾನವಾಗಿತ್ತು. ಮನೆಮಂದಿಯೆಲ್ಲ ಆರಾಮವಾಗಿ ಕೂರಬಹುದು, ನೋಡಲು ಮಾತ್ರ ರೇಸಿಗೆ ಹೊರಟ ಹಾಗೆ, ಸೀಟಿಗೆ ಕೆಂಪು ಹೊಲಿಗೆ ಬೇರೆ. ಎಂಜಿನ್ನಿನಲ್ಲಿ ಎರಡು ಬಗೆ. ಒಂದು ನಾಲ್ಕು ಸಿಲಿಂಡರಿನ ಸಾದಾ ಪೆಟ್ರೋಲ್. ಇನ್ನೊಂದು ಮೂರೇ ಸಿಲಿಂಡರಿನ, ಆದರೆ ಹೆಚ್ಚು ಎಳೆಯುವ ಟರ್ಬೊ. ಮೊದಲ ಭಾನುವಾರ ಗುರುಪ್ರಸಾದ ಟರ್ಬೊ ಕಡೆಗಿದ್ದ, ಅವನ ಬ್ಯಾಂಕಿನ ಮ್ಯಾನೇಜರ್ ಅದನ್ನೇ ಕೊಂಡಿದ್ದರಿಂದ. ಎರಡನೆಯ ಭಾನುವಾರ ಮೈಲೇಜಿನ ಚಿಂತೆ ಹತ್ತಿತು. ಮೂರನೆಯದಕ್ಕೆ ಮೊಬೈಲಿನಲ್ಲಿ ಯಾವನೋ ಗಡ್ಡದವನಿಂದ ಟಾರ್ಕ್ ಎಂಬ ಶಬ್ದ ಕಲಿತು, ಊಟ ಮುಗಿಯುವಷ್ಟರಲ್ಲಿ ಏಳೆಂಟು ಸಲ ಬಳಸಿದ. ಅದರ ಅರ್ಥ ಅವನನ್ನು ಯಾರೂ ಕೇಳಲಿಲ್ಲ, ಅವನ ಪುಣ್ಯ.

ಭಟ್ಟರು ಇದನ್ನೆಲ್ಲ ಪೂರ್ವಪಕ್ಷವೆಂದು ಕೇಳಿಸಿಕೊಂಡು ನಾಲ್ಕನೆಯ ಭಾನುವಾರ ಸಿದ್ಧಾಂತ ಹೇಳಿದರು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದೆಂದು ಹಿರಿಯರ ಮಾತಿದೆ. ಹಾಗಿರುವಾಗ ಸಂಸಾರವನ್ನು ಹೊತ್ತು ದಿನಾ ಹೊರಡುವ ಗಾಡಿಯಲ್ಲಿ ಸಿಲಿಂಡರು ಮೂರಿರುವುದು ಸರ್ವಥಾ ಸಲ್ಲದು. ವೇದ ನಾಲ್ಕು, ಪುರುಷಾರ್ಥ ನಾಲ್ಕು, ಗಾಡಿಯ ಚಕ್ರವೂ ನಾಲ್ಕು. ಗುರುಪ್ರಸಾದ ತಾನೂ ಅದನ್ನೇ ಯೋಚಿಸುತ್ತಿದ್ದೆ ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ ಅವನು.

ಓಡಿಸುವವಳನ್ನು ಮಾತ್ರ ಯಾರೂ ಕೇಳಲಿಲ್ಲ. ಗುರುಪ್ರಸಾದನ ಬ್ಯಾಂಕಿಗೆ ಮನೆಯಿಂದ ಎಂಟು ನಿಮಿಷದ ನಡಿಗೆ. ದಿನಾ ಹಳೇ ಕಾರು ಹತ್ತಿ ಭದ್ರಾವತಿಯ ಹೈಸ್ಕೂಲಿಗೆ ಗಣಿತ ಹೇಳಲು ಹೋಗುತ್ತಿದ್ದವಳು ವೇದಾವತಿ. ಆಷಾಢದ ಒಂದು ಬೆಳಿಗ್ಗೆ, ಮಾಚೇನಹಳ್ಳಿ ದಾಟಿದ ಮೇಲೆ, ರಸ್ತೆ ಕೆಲಸಕ್ಕೆಂದು ಎರಡೂ ಕಡೆಯ ಗಾಡಿಗಳನ್ನು ಒಂದೇ ಬದಿಗೆ ಬಿಟ್ಟಿದ್ದ ಜಾಗದಲ್ಲಿ, ಕಬ್ಬಿಣದ ಸರಳು ಹೇರಿದ ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಹೊರಳಿದ್ದಳು. ಆಕ್ಸಿಲರೇಟರ್ ತಳಮುಟ್ಟ ಒತ್ತಿದರೂ ಗಾಡಿ ಕೂಗಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಎದುರಿಗೆ ಬಸ್ಸು. ಅವಳು ಬ್ರೇಕ್ ಹಾಕಿ ಲಾರಿಯ ಹಿಂದೆ ತೂರಿಕೊಳ್ಳುವಷ್ಟರಲ್ಲಿ ಬಸ್ಸು ಬಲಗಡೆಯ ಕನ್ನಡಿಯನ್ನು ಮಡಚಿಕೊಂಡು ಹೋಯಿತು. ಆ ದಿನ ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಅವಳ ಅಂಕಿಗಳೆಲ್ಲ ಸೊಟ್ಟ ಬಂದವು.

ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಕಾರಿನ ಕೀಲಿ ಕೈತಪ್ಪುತ್ತದೆ, ನಾಳೆಯಿಂದ ಬಸ್ಸಿಗೆ ಹೋಗು ಅನ್ನುತ್ತಾರೆ ಎಂದು ಗೊತ್ತಿತ್ತು. ಒತ್ತಿದ ಕೂಡಲೇ ಎಳೆಯುವ ಎಂಜಿನ್ ಬೇಕಿತ್ತು ಅವಳಿಗೆ. ಇನ್ನೊಂದು ಸಲ ಹಾಗಾದರೆ ಕನ್ನಡಿಯಷ್ಟಕ್ಕೇ ಮುಗಿಯುವುದಿಲ್ಲ ಎಂಬ ಭಯ ಅವಳ ಜೊತೆ ದಿನಾ ಭದ್ರಾವತಿಗೆ ಹೋಗಿ ಬರುತ್ತಿತ್ತು.

ಐದನೆಯ ಭಾನುವಾರ ಬುಕ್ ಮಾಡಲು ಹೊರಟರು. ಹೊರಟವರು ಮೂವರೇ ಆದ್ದರಿಂದ ಭಟ್ಟರು ಅಂಗಳದಿಂದ ಒಂದು ಕಲ್ಲು ಹೆಕ್ಕಿ ಜೇಬಿಗಿಳಿಸಿ ನಾಲ್ವರೆಂದು ಲೆಕ್ಕ ಸರಿಮಾಡಿದರು. ಬುಕ್ ಮಾಡುವ ಮುಂಚೆ ಓಡಿಸಿ ನೋಡುತ್ತೇನೆ ಎಂದು ವೇದಾವತಿ ಹಟ ಹಿಡಿದಳು. ನಿಶ್ಚಯವಾದದ್ದನ್ನು ಓಡಿಸಿ ನೋಡುವುದೇನಿದೆ ಎಂದು ಗುರುಪ್ರಸಾದ ಗೊಣಗಿದ. ಶೋರೂಮಿನ ಮುರಳಿ ನಾಲ್ಕು ಸಿಲಿಂಡರಿನ ಕಾರು ತಂದು ನಿಲ್ಲಿಸಿ ಅವಳ ಪಕ್ಕ ಕೂತ. ಗಂಡ, ದೊಡ್ಡ ಮಾವ ಹಿಂದೆ ಕೂತರು. ಅವಳು ಗಾಡಿಯನ್ನು ನೇರ ಮಾಚೇನಹಳ್ಳಿಯ ಆಚೆಗೆ ಬಿಟ್ಟಳು.

ಅಲ್ಲಿ ರಸ್ತೆ ಕೆಲಸ ಇನ್ನೂ ಮುಗಿದಿರಲಿಲ್ಲ, ಲಾರಿಗಳಿಗೂ ಬರವಿಲ್ಲ. ಒಂದರ ಹಿಂದೆ ಸ್ವಲ್ಪ ದೂರ ಹೋಗಿ, ಎದುರಿನ ರಸ್ತೆ ಖಾಲಿ ಇದ್ದದ್ದು ನೋಡಿ, ಬಲಕ್ಕೆ ಬಂದು ಪೂರಾ ಒತ್ತಿದಳು. ಹೊಸ ಗಾಡಿ ಹಳೆಯದರ ಹಾಗೆಯೇ ಕೂಗಿತು. ಲಾರಿಯ ಅರ್ಧ ಉದ್ದ ದಾಟುವಷ್ಟರಲ್ಲಿ ದೂರದಲ್ಲಿ ಬಸ್ಸೊಂದು ಕಂಡಿತು. ಹಿಂದಿನ ಸೀಟಿನಿಂದ ರಾಮನಾಮ ಕೇಳಿಸಿತು. ಅವಳು ನಿಧಾನಿಸಿ ಲಾರಿಯ ಹಿಂದಕ್ಕೆ ಬಂದು, ಮುಂದೆ ಜಾಗ ಸಿಕ್ಕಲ್ಲಿ ಗಾಡಿಯನ್ನು ಬದಿಗೆ ನಿಲ್ಲಿಸಿದಳು.

"ಆಷಾಢದಲ್ಲಿ ಇದೇ ಜಾಗದಲ್ಲಿ ನಂಗೆ ಹಿಂಗೇ ಆಗಿತ್ತು, ದೊಡ್ಡ ಮಾವ," ಎಂದಳು. "ಆವತ್ತು ಬಸ್ಸು ಅಷ್ಟು ದೂರ ಇರ್ಲಿಲ್ಲ. ಕನ್ನಡಿಗೆ ಹೊಡ್ಕೊಂಡು ಹೋಯ್ತು."

ಭಟ್ಟರು ತಲೆ ಬಗ್ಗಿಸಿದರು. ಗುರುಪ್ರಸಾದ ಮುಂದಕ್ಕೆ ಬಾಗಿದ.

"ಕನ್ನಡಿ ಒಡೀತಾ?"

ಅಷ್ಟು ಹೆದರಿಕೆ ಇದ್ದರೆ ಬಸ್ಸಿಗೆ ಹೋಗಬಹುದಿತ್ತಲ್ಲ ಮಾರಾಯ್ತಿ ಎಂದೂ ಅವನು ಸೇರಿಸಿದ. ಇಂಥವನ ಮಾತಿಗೆ ಹದಿನೆಂಟು ವರ್ಷ ತಲೆಯಾಡಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಶೋರೂಮಿನಲ್ಲಿ ಇಬ್ಬರನ್ನೂ ಇಳಿಸಿ, ಮುರಳಿಯೊಬ್ಬನನ್ನು ಕೂರಿಸಿಕೊಂಡು ಟರ್ಬೊ ತೆಗೆದುಕೊಂಡು ಹೋದಳು. ಅದೇ ರಸ್ತೆ, ಅಂಥದೇ ಲಾರಿ. ಒತ್ತಿದ ಮರುಕ್ಷಣ ಗಾಡಿ ಮುಂದಕ್ಕೆ ಹಾರಿತು. ಅವಳು ಎಡಕ್ಕೆ ಬಂದು ನೋಡಿದಾಗ ಲಾರಿ ಎಷ್ಟೋ ಹಿಂದಿತ್ತು. ಮುರಳಿ ಏನೋ ಅಂಕಿಸಂಖ್ಯೆ ಹೇಳುತ್ತಿದ್ದ. ಅವಳ ಕಣ್ಣು ತುಂಬಿದ್ದನ್ನು ಕಂಡು ಅರ್ಧಕ್ಕೇ ನಿಲ್ಲಿಸಿದ.

ಮರಳಿ ಬಂದಾಗ ಭಟ್ಟರು ಶೋರೂಮಿನ ಸೋಫಾದಲ್ಲಿ ಕಾಫಿ ಕುಡಿಯುತ್ತ ಹೊಸ ಸಿದ್ಧಾಂತ ಸಿದ್ಧಮಾಡಿಕೊಂಡಿದ್ದರು. ಸಿಲಿಂಡರು ಮೂರಾದರೂ ಜೊತೆಗೆ ಟರ್ಬೊ ಎಂಬ ನಾಲ್ಕನೆಯದಿದೆಯಲ್ಲ, ಅಲ್ಲಿಗೆ ದೋಷ ಪರಿಹಾರವಾದಂತೆ. ಧಾರಾಳವಾಗಿ ಕೊಳ್ಳಬಹುದು. ಗುರುಪ್ರಸಾದ ತಾನು ಮೊದಲ ಭಾನುವಾರವೇ ಇದನ್ನು ಹೇಳಿದ್ದೆ ಎಂದು ಮುರಳಿಗೆ ತಿಳಿಸಿದ.

ವೇದಾವತಿ ಮೇಜಿನ ಮೇಲಿದ್ದ ಬುಕಿಂಗ್ ಫಾರಂ ಎಳೆದುಕೊಂಡು ಟರ್ಬೊ ಎಂದು ಬರೆದಳು. ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದಳು. ಗುರುಪ್ರಸಾದ ಬಗ್ಗಿ ನೋಡಿ, ಗಾಡಿ ಯಜಮಾನನ ಹೆಸರಲ್ಲಿರುವುದು ವಾಡಿಕೆಯಲ್ಲವೇ ಎಂದು ದೊಡ್ಡಪ್ಪನ ಮುಖ ನೋಡಿದ. ಭಟ್ಟರು ಕಾಫಿ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಏನೂ ಹೇಳ್ಬೇಡಿ, ದೊಡ್ಡ ಮಾವ," ಎಂದಳು ವೇದಾವತಿ. "ಆವತ್ತು ನಾನು ಸತ್ತಿದ್ರೆ, ಯಾವ ನಕ್ಷತ್ರದಲ್ಲಿ ಸತ್ಲು, ಮನೆ ಎಷ್ಟು ತಿಂಗಳು ಬಿಡ್ಬೇಕು ಅಂತ ಇದೇ ಥರ ಕೂತು ಲೆಕ್ಕ ಹಾಕ್ತಿದ್ರಿ. ಇವರು ಹೌದು ಹೌದು ಅಂತಿದ್ರು."

ಅವಳು ಸಹಿ ಹಾಕಿ ಫಾರಂ ಅನ್ನು ಮುರಳಿಯ ಕೈಗೆ ಕೊಟ್ಟಳು.