ಕನ್ನಡಿಯೊಳಗಿನ ದವಡೆಹಲ್ಲು

ಚೂಡಾಮಣಿಗೆ ಬೇಕಾಗಿದ್ದದ್ದು ಒಂದೇ ಒಂದು ಬಾಯಿ. ಅಲ್ಲಾ, ಅವಳು ಇದ್ದುಕೊಂಡು ಓದುತ್ತಿದ್ದ ಜಯನಗರದ ಆ ಮನೆಯಲ್ಲಿ ಬಾಯಿಗೇನು ಬರವಿತ್ತೇ? ಸೋದರಮಾವ ಸೇತುರಾಮ, ಅತ್ತೆ ಸೀತಮ್ಮ, ಅವರ ಐದು ಮಕ್ಕಳು, ಬೆಳಗಾದರೆ ಒಬ್ಬರ ಬಾಯಿಗೂ ಪುರಸೊತ್ತಿರಲಿಲ್ಲ. ಆದರೆ ದಂತವೈದ್ಯಕೀಯ ಓದುವ ಹುಡುಗಿ ಬೆರಳಿಟ್ಟು ನೋಡುತ್ತೇನೆಂದರೆ ತೆರೆಯುವ ಬಾಯಿ ಒಂದೂ ಇರಲಿಲ್ಲ.

"ಎಂಜಲು ಕಣೇ! ನನ್ನ ಬಾಯಿಗೆ ಕೈ ಹಾಕಿ, ಆಮೇಲೆ ಅದೇ ಕೈಲಿ ಉಪ್ಪಿನಕಾಯಿ ಜಾಡಿ ಮುಟ್ತೀಯಾ?" ಎಂದು ಸೀತಮ್ಮ ಹೌಹಾರಿದಳು. ಮಕ್ಕಳಿಗೂ ತಾಕೀತಾಯಿತು. ಚೂಡಾಮಣಿ ಆಸ್ಪತ್ರೆಯಿಂದ ತಂದಿದ್ದ ಕಿತ್ತ ಹಲ್ಲುಗಳ ಸೀಸೆ ಅದೇ ಸಂಜೆ ಮೋರಿ ಸೇರಿತು. "ಯಾರ್ಯಾರದೋ ಹಲ್ಲು, ಮಡಿ ಮನೇಲಿ! ರಾಮ ರಾಮ!"

ಕಾಲೇಜಿನಲ್ಲಾದರೂ? ಅಲ್ಲಿ ಹುಡುಗರು ಇಬ್ಬಿಬ್ಬರಾಗಿ ಕೂತು, ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದರು. ೧೯೬೧ರ ಆ ತರಗತಿಗೆ ಇವಳೊಬ್ಬಳೇ ಹುಡುಗಿ. ಇವಳೆದುರು ಬಾಯಿ ತೆರೆದರೆ ಮಿಕ್ಕವರು ರೇಗಿಸುತ್ತಾರೆಂದು ಒಬ್ಬೊಬ್ಬನೂ ತುಟಿ ಹೊಲಿದುಕೊಂಡು ಕೂತ. ಆ ಮಹಾಶೂರರ ಧೈರ್ಯಕ್ಕಿಷ್ಟು ಬೆಂಕಿ ಹಾಕ!

ಕೆತ್ತನೆಯ ಪರೀಕ್ಷೆ ಬೇರೆ ಹತ್ತಿರ ಬಂತು. ಮಾವ ಮೊದಲೇ ಹೇಳಿದ್ದ: "ನೋಡು, ಒಂದೇ ಒಂದು ಸಲ ಫೇಲಾದ್ರೂ ಕಾಲೇಜು ಬಂದ್. ಹಾಸನದ ಹುಡುಗನ ಮನೆಗೆ ಕಾಗದ ಬರೀತೀನಿ."

ಪುಸ್ತಕದ ಚಪ್ಪಟೆ ಚಿತ್ರದಲ್ಲಿ ಹಲ್ಲಿನ ಉಬ್ಬು ತಗ್ಗು ತಿಳಿಯುತ್ತಿರಲಿಲ್ಲ. ಕೊನೆಗೆ ಅವಳು ಬಚ್ಚಲಮನೆಯ ಕನ್ನಡಿಯೆದುರು ನಿಂತು ತನ್ನದೇ ಬಾಯಿ ತೆರೆದಳು. ಮೇಲಿನ ಸಾಲಿನ, ಬಲಗಡೆಯ ಮೊದಲ ದವಡೆಹಲ್ಲು. ಅದರ ನಾಲ್ಕು ಉಬ್ಬು, ನಡುವೆ ಓರೆಯಾಗಿ ಹಾಯುವ ಏಣು, ಎಲ್ಲವನ್ನೂ ದಿನಾ ಸಂಜೆ ದವಡೆ ನೋಯುವವರೆಗೆ ನೋಡಿದಳು. "ಚೂಡಕ್ಕ ಕನ್ನಡಿಗೆ ಆಕಳಿಸ್ತಾಳೆ!" ಎಂದು ಮಕ್ಕಳು ನಕ್ಕವು. ದಿನವಿಡೀ ಅವಳ ಮುಖ ನೋಡಿ ಎರಡು ಮಾತಾಡುವವರಿರಲಿಲ್ಲ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಒಮ್ಮೊಮ್ಮೆ ಅವಳಿಗೆ ಅಳು ಬರುತ್ತಿತ್ತು. ಬಾಯಿ ತೆರೆದುಕೊಂಡು ಅಳುವುದು ಕಷ್ಟ.

ಪರೀಕ್ಷೆಯಲ್ಲಿ ಅದೇ ಹಲ್ಲು ಬಂತು! ಚೂಡಾಮಣಿ ತಲೆಯೆತ್ತದೆ ಕೆತ್ತಿದಳು. ಪರೀಕ್ಷಕ ಚನ್ನಬಸವಯ್ಯನವರು ಮೇಣದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಭೇಷ್! ಇಷ್ಟು ಚೆನ್ನಾಗಿ ಯಾರೂ ಕೆತ್ತಿಲ್ಲ," ಎಂದವರು ಇನ್ನೊಮ್ಮೆ ತಿರುಗಿಸಿ ನೋಡಿದರು. "ಆದ್ರೆ ಇದು ಎಡಗಡೇದು ಕಣಮ್ಮ. ಕೇಳಿದ್ದು ಬಲಗಡೇದು."

ಅವಳ ಬೆರಳು ತಾನಾಗಿಯೇ ಬಲಗೆನ್ನೆ ಮುಟ್ಟಿ ನೋಡಿತು.

"ಕನ್ನಡಿ ನೋಡ್ಕೊಂಡು ಕಲಿತ್ಯಾ?"

"ಹೌದು ಸಾರ್."

"ಅದು ಎಲ್ಲಾ ತಿರುವುಮುರುವು ಮಾಡಿ ತೋರಿಸುತ್ತೆ. ಎಡ ಬಲ ಗೊತ್ತಿಲ್ದೆ ನಾಳೆ ಯಾರದೋ ಒಳ್ಳೇ ಹಲ್ಲು ಕಿತ್ತರೆ?" ಅವರು ನಿಟ್ಟುಸಿರಿಟ್ಟು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಫೇಲ್ ಎಂದು ಬರೆದರು. ಆಮೇಲೆ ಮೆತ್ತಗೆ ಕೇಳಿದರು: "ಒಂದು ಸಲ ಬಾಯಿ ತೋರಿಸೋಕೆ ಮನೇಲಿ ಯಾರೂ ಇಲ್ವೇನಮ್ಮ?"

ಮಾವ, ಅತ್ತೆ, ಮಕ್ಕಳು, ಒಬ್ಬೊಬ್ಬರೂ ಅವಳ ಕಣ್ಣ ಮುಂದೆ ಬಂದುಹೋದರು.

"ಇಲ್ಲ ಸಾರ್," ಎಂದಳು ಚೂಡಾಮಣಿ. "ಯಾರೂ ಇಲ್ಲ."

ತಾನು ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲೇ ಇಲ್ಲ.