ಬಿಳಿ ಕ್ಯಾನು

ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ, ಬುಧವಾರ ಹೊಲಿಗೆ, ಶುಕ್ರವಾರ ಮನೆ ತೊಳೆಯುವುದು. ಉತ್ತರ ಡಕೋಟಾದ ಆ ಬಯಲಿನ ನಾರ್ವೆ ಮೂಲದ ಮನೆಗಳಲ್ಲಿ ಈ ಕಟ್ಟಳೆ ಸಾವು ಬಂದರೂ ತಪ್ಪುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬೋರ್ಗಿಲ್ಡ್ ತನ್ನ ಬಚ್ಚಲಲ್ಲಿ ಸೆರಗು ಬಿಗಿದಂತೆ ಏಪ್ರನ್ ಬಿಗಿದು ನಿಂತಿದ್ದಾಳೆ ಎಂದರೆ, ಸುತ್ತಣ ಹತ್ತು ಮನೆಗಳ ಹೆಂಗಸರೂ ಇಂದು ನಾಳೆ ಎನ್ನದೆ ಅದೇ ಹೊತ್ತಿಗೆ ತಮ್ಮ ತಮ್ಮ ಬಚ್ಚಲಿಗೆ ಹೊರಟಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಬೋರ್ಗಿಲ್ಡ್ ವಿಧವೆ, ಅರವತ್ತೆರಡು ವರ್ಷ. ಅವಳ ಮನೆಯಿಂದ ಕಸವಾಗಿ ಹೊರಬೀಳುವ ವಸ್ತು ಬಹಳ ಕಡಿಮೆ. ಹರಿದ ಉದ್ದ ಕಾಲುಚೀಲದಲ್ಲಿ ಚಿಂದಿ ತುಂಬಿದರೆ ಬಾಗಿಲ ಸಂದಿಗೆ ಇಡುವ ಚಳಿತಡೆ. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಗಳನ್ನು ಪಟ್ಟಿಪಟ್ಟಿ ಕತ್ತರಿಸಿ ಹೆಣೆದರೆ ಕಾಲೊರೆಸು. ಈಚೆಗೆ ಬಟ್ಟೆ ಬಿಳುಪಾಗಿಸುವ ಬ್ಲೀಚು ಗಾಜಿನ ಬಾಟಲಿ ಬಿಟ್ಟು ಹಿಡಿಕೆಯಿರುವ ಬಿಳಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರತೊಡಗಿದ ಮೇಲಂತೂ ಅವಳಿಗೆ ಹಬ್ಬ. ತಳ ಕತ್ತರಿಸಿದರೆ ಕೋಳಿಕಾಳು ಮೊಗೆಯುವ ಮೊರ, ಪಕ್ಕ ಕತ್ತರಿಸಿದರೆ ಬಟ್ಟೆಕ್ಲಿಪ್ಪಿನ ಬುಟ್ಟಿ, ಕತ್ತರಿಸದೆ ಚೆನ್ನಾಗಿ ತೊಳೆದಿಟ್ಟರೆ ಅಡುಗೆ ಸೋಡಾ ಕದಡಿದ ನೀರು ತುಂಬಿಡಲು ಪಾತ್ರೆ. ಈ ಉಪಾಯಗಳನ್ನೆಲ್ಲ ಅವಳು ಚರ್ಚಿನ ಹೆಂಗಸರ ಸಂಘದ ಸೈಕ್ಲೋಸ್ಟೈಲ್ ಪತ್ರಿಕೆಗೆ ತಿಂಗಳು ತಿಂಗಳು ಬರೆದುಕೊಡುತ್ತಿದ್ದಳು. ಈ ತಿಂಗಳ ಪತ್ರಿಕೆ ನಿನ್ನೆ ಗುರುವಾರದ ಟಪಾಲಿನಲ್ಲಿ ಎಲ್ಲರ ಮನೆ ಸೇರಿತ್ತು.

ಅವಳು ಕಮೋಡಿಗೆ ಒಂದು ಲೋಟ ವಿನೆಗರ್ ಸುರಿದಳು. ಬಾವಿನೀರಿನ ಕಂದು ಕಲೆಗೆ ಮೊದಲು ವಿನೆಗರ್, ಆಮೇಲೆ ಬಿಳಿ ಕ್ಯಾನಿನದು ಒಂದು ಲೋಟ, ಬಾಗಿಲು ಮುಚ್ಚಿ ಕಾಲು ಗಂಟೆ ಬಿಟ್ಟು ಉಜ್ಜುವುದು. ಬೀರುವಿನ ಕತ್ತಲಲ್ಲಿ ಕೈಯಾಡಿಸಿ ಕ್ಯಾನು ಎಳೆದು ಮುಚ್ಚಳ ತಿರುಗಿಸಿದಳು. ಘಾಟು ಮೂಗಿಗೆ ಬಡಿಯಿತು.

ಸೋಡಾ ನೀರಿನ ಕ್ಯಾನಲ್ಲ. ನಿನ್ನೆ ತಂದ ಹೊಸ ಬ್ಲೀಚು.

ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, "ಅಯ್ಯೋ ಮುದುಕಿ, ಇನ್ನೇನು ಸುರೀತಿದ್ದೆ" ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಳ್ಳುತ್ತಿದ್ದ ಹಾಗೆಯೇ ಅವಳಿಗೆ ಪತ್ರಿಕೆಯ ನೆನಪಾಯಿತು. ಈ ತಿಂಗಳು ಇದೇ ಉಪಾಯವನ್ನು ತಾನು ಬರೆದದ್ದು ಹೇಗೆ? ಸೋಡಾ ನೀರು ಎಂದು ಬರೆದೆನೇ? ಅಡುಗೆಮನೆಗೆ ಓಡಿ ಮೇಜಿನ ಮೇಲಿದ್ದ ಹಾಳೆ ಹಿಡಿದಳು. ನೇರಳೆ ಅಕ್ಷರಗಳಲ್ಲಿ ಅಚ್ಚಾಗಿತ್ತು: "ಬಿಳಿ ಕ್ಯಾನಿನದು ಒಂದು ಲೋಟ."

ಬಿಳಿ ಕ್ಯಾನಿನಲ್ಲಿ ಸೋಡಾ ನೀರು ಇರುವುದು ಅವಳೊಬ್ಬಳ ಮನೆಯಲ್ಲಿ. ಉಳಿದೆಲ್ಲ ಮನೆಗಳ ಬಿಳಿ ಕ್ಯಾನಿನಲ್ಲಿ ಇರುವುದು ಬ್ಲೀಚು.

ಹದಿನೇಳರ ಹರೆಯದಲ್ಲಿ ಹೋಟೆಲೊಂದರ ಒಗೆಯುವ ಕೋಣೆಯಲ್ಲಿ ಅವಳು ಕೆಲಸಕ್ಕಿದ್ದಳು. ಅಲ್ಲಿ ಆಲ್ಮಾ ಎಂಬ ಹುಡುಗಿ ಬ್ಲೀಚಿನ ತೊಟ್ಟಿಗೆ ವಿನೆಗರ್ ಸುರಿದಿದ್ದಳು. ಹಸಿರು ಮಿಶ್ರಿತ ಹಳದಿ ಹೊಗೆ ಎದ್ದಿತ್ತು. ಆಲ್ಮಾಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಹೊರಗೆ ಹೊತ್ತು ತಂದಾಗ ತುಟಿ ನೇರಳೆ ಹಣ್ಣಿನಂತಾಗಿತ್ತು. ಆ ತುಟಿ ಬೋರ್ಗಿಲ್ಡಳ ಕಣ್ಣಿನಿಂದ ಎಂದೂ ಹೋಗಿರಲಿಲ್ಲ.

ಬಾಗಿಲು ಮುಚ್ಚಿ ಅಂತಲೂ ಬರೆದಿದ್ದೇನಲ್ಲ, ದೇವರೇ.

ಹನ್ನೊಂದು ಮನೆಗೆ ಒಂದೇ ಫೋನಿನ ತಂತಿ. ಹಿಡಿಯನ್ನು ನಿಲ್ಲಿಸದೆ ಉದ್ದಕ್ಕೆ ತಿರುಗಿಸಿದರೆ ಹನ್ನೊಂದು ಮನೆಯಲ್ಲೂ ಗಂಟೆ ಹೊಡೆಯುತ್ತದೆ. ಅದು ಬೆಂಕಿ ಬಿದ್ದಾಗಿನ ಕರೆ. ಐದು ವರ್ಷದಲ್ಲಿ ಎರಡು ಸಲ ಆಗಿರಬಹುದು. ಗದ್ದಲವೆಬ್ಬಿಸುವುದು ಆ ಜನಕ್ಕೆ ಕಳ್ಳತನಕ್ಕಿಂತ ನಾಚಿಕೆಯ ಕೆಲಸ. ಬೋರ್ಗಿಲ್ಡ್ ಹಿಡಿಗೆ ಕೈಯಿಟ್ಟು ಒಂದು ಗಳಿಗೆ ತಡೆದಳು. ಆ ಒಂದು ಗಳಿಗೆಯನ್ನು ಅವಳು ಆಮೇಲೆ ಎಂದಿಗೂ ಕ್ಷಮಿಸಿಕೊಳ್ಳಲಿಲ್ಲ. ಮರುಕ್ಷಣ ತೋಳು ನೋಯುವಷ್ಟು ತಿರುಗಿಸಿದಳು.

ಕ್ಲಿಕ್, ಕ್ಲಿಕ್, ಕ್ಲಿಕ್. ಒಂದೊಂದೇ ಮನೆ ಫೋನೆತ್ತಿತು.

"ಯಾರ ಮನೇಗೆ ಬೆಂಕಿ?" ಎಂದು ಕೂಗಿದ ಸೆಲ್ಮರ್, ಪಕ್ಕದ ಹೊಲದವನು. "ಒಂದು ಕಾಲು ಪ್ಯಾಂಟಲ್ಲಿ, ಒಂದು ಹೊರಗೆ. ಬೇಗ ಹೇಳಿ!"

"ನಿನ್ನ ಕಾಲಿನ ವರದಿ ಯಾರಿಗೆ ಬೇಕಿತ್ತು ಮಾರಾಯ" ಎಂದಳು ಐರೀನ್, ಪತ್ರಿಕೆಯನ್ನು ಅಚ್ಚು ಹಾಕುವವಳು.

"ನಾನು ಬೋರ್ಗಿಲ್ಡ್. ಬೆಂಕಿ ಅಲ್ಲ. ನಾನು ಬರೆದಿರೋ ಕಮೋಡಿನ ಉಪಾಯ ಯಾರೂ ಮಾಡ್ಬೇಡಿ. ವಿನೆಗರಿಗೆ ಬ್ಲೀಚ್ ಸುರೀಬೇಡಿ. ವಿಷದ ಹೊಗೆ ಬರತ್ತೆ. ಪ್ರಾಣ ಹೋಗತ್ತೆ."

"ಕ್ಯಾನಿಂದು ಅಂತ ನೀನೇ ಬರ್ದಿದ್ದೀಯಲ್ಲೇ!"

"ನನ್ನ ಕ್ಯಾನಲ್ಲಿ ಸೋಡಾ ನೀರು ಇರತ್ತೆ ಕಣೇ ಐರೀನ್."

"ಬ್ಲೀಚಿನ ಕ್ಯಾನಲ್ಲಿ ಸೋಡಾನಾ? ಭೂಮಿ ಮೇಲೆ ಯಾರಾದ್ರೂ—"

"ಬೈಯೋದು ಆಮೇಲೆ ಬೈ. ಯಾರಾದ್ರೂ ಸುರಿದ್ರಾ? ಹೇಳಿ!"

ಒಬ್ಬಳು ವಿನೆಗರ್ ಮಾತ್ರ ಸುರಿದಿದ್ದಳು. ಇನ್ನೊಬ್ಬಳು ಕಾಫಿ ಕುಡಿದು ಶುರುಮಾಡೋಣವೆಂದು ಕುಳಿತಿದ್ದಳು. ಒಬ್ಬೊಬ್ಬರಾಗಿ "ನಾ ಸುರಿದಿಲ್ಲ", "ನಾನೂ ಸುರಿದಿಲ್ಲ" ಎಂದರು. ಬೋರ್ಗಿಲ್ಡ್ ಬೆರಳು ಮಡಚಿ ಎಣಿಸಿದಳು. ಒಂಬತ್ತು.

ಆಗ ತಂತಿಯ ಮೇಲೆ ಯಾವಾಗಲೂ ಇರುವ ಸದ್ದೊಂದು ಇಲ್ಲದ್ದು ಅವಳ ಕಿವಿಗೆ ತಟ್ಟಿತು.

ಆ ತಂತಿಯಲ್ಲಿ ಯಾರು ಯಾರ ಜೊತೆ ಮಾತಾಡಿದರೂ ಹುಲ್ಡಾ ಕದ್ದು ಕೇಳುತ್ತಿದ್ದಳು. ಹುಲ್ಡಾ ಬೋರ್ಗಿಲ್ಡಳ ಗಂಡನ ತಂಗಿ, ಒಂಟಿ ಹೆಂಗಸು. ಹುಲ್ಲಿನ ಧೂಳು ಕುಡಿದು ಕುಡಿದು ಅವಳ ಎದೆ ಕೆಟ್ಟಿತ್ತು. ಎಷ್ಟೇ ಮೆಲ್ಲಗೆ ಫೋನೆತ್ತಿದರೂ ಸಿಳ್ಳು ಹಾಕುವ ಉಸಿರು ಅವಳನ್ನು ಹಿಡಿದುಕೊಡುತ್ತಿತ್ತು. "ಹುಲ್ಡಾ, ಕೇಳಿಸ್ತಾ, ಇಲ್ಲ ಜೋರಾಗಿ ಹೇಳ್ಬೇಕಾ?" ಎಂದು ಜನ ತಮಾಷೆ ಮಾಡುತ್ತಿದ್ದರು. ಇಂದು ಆ ಸಿಳ್ಳು ಇರಲಿಲ್ಲ.

"ಹುಲ್ಡಾ?" ಎಂದಳು ಬೋರ್ಗಿಲ್ಡ್. "ಹುಲ್ಡಾ, ಇದ್ದೀಯೇನೇ?"

ಒಂಬತ್ತು ಮನೆಗಳೂ ಉಸಿರು ಹಿಡಿದು ಆಲಿಸಿದವು.

"ಅವಳು ಫೋನೆತ್ತದ ದಿನ ನಾ ನೋಡೇ ಇಲ್ಲ" ಎಂದ ಸೆಲ್ಮರ್. ಈಗ ಅವನ ಮಾತಿನಲ್ಲಿ ನಗೆಯಿರಲಿಲ್ಲ. "ನಾನು ಬರ್ತೀನಿ. ಆದ್ರೆ ನೀನೇ ಹತ್ರ. ಹೋಗು!"

ಹುಲ್ಡಾಳ ಮನೆ ಒಂದೂವರೆ ಮೈಲಿ. ಹಿಮ ಕರಗಿದ ಕೆಸರಿನಲ್ಲಿ ಅವಳ ಮೋಟಾರು ಗಾಡಿಯ ಹಿಂದಿನ ಚಕ್ರಗಳು ಅತ್ತಿತ್ತ ಜಾರಿದವು. ಬೋರ್ಗಿಲ್ಡ್ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹುಲ್ಡಾ ಮಾಡಿರುವುದಿಲ್ಲ. ತನ್ನ ಉಪಾಯಗಳೆಂದರೆ ಅವಳಿಗೆ ಯಾವಾಗಲೂ ಅಷ್ಟಕ್ಕಷ್ಟೇ. "ಮುಂದಿನ ತಿಂಗಳು ಮೊಟ್ಟೆ ಟ್ರೇಲಿ ಟೋಪಿ ಮಾಡೋದು ಹೇಳ್ಕೊಡು, ಹಾಕ್ಕೊಂಡು ಚರ್ಚಿಗೆ ಬರ್ತೀನಿ" ಎಂದು ಕಳೆದ ಭಾನುವಾರವಷ್ಟೇ ಎಲ್ಲರೆದುರು ಹಂಗಿಸಿರಲಿಲ್ಲವೇ? ಕೋಳಿಗೂಡಿನಲ್ಲಿರಬಹುದು. ಖಂಡಿತ ಕೋಳಿಗೂಡಿನಲ್ಲಿ.

ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಮೊದಲು ಕಂಡದ್ದು ಬಟ್ಟೆಯ ಹಗ್ಗಕ್ಕೆ ತೂಗುಹಾಕಿದ ಕ್ಲಿಪ್ಪಿನ ಬುಟ್ಟಿ. ಬಿಳಿ ಕ್ಯಾನನ್ನು ಪಕ್ಕಕ್ಕೆ ಕತ್ತರಿಸಿ, ಅಂಚಿಗೆ ಬೋರ್ಗಿಲ್ಡ್ ಬರೆದಿದ್ದ ಹಾಗೆಯೇ ಟೇಪು ಸುತ್ತಿತ್ತು. ಮೆಟ್ಟಿಲ ಮೇಲೆ ಕೋಳಿಕಾಳಿನ ಮೊರ. ಅಡುಗೆಮನೆಯ ಕಿಟಕಿಯಲ್ಲಿ ಈರುಳ್ಳಿ ಕಟ್ಟಿದ ಹಳೆಯ ಕಾಲುಚೀಲ, ಒಂದೊಂದು ಗಡ್ಡೆಗೂ ಒಂದೊಂದು ಗಂಟು. ಎಲ್ಲವೂ, ಎಲ್ಲವೂ ಅವಳ ಉಪಾಯಗಳು. ಬಾಯಿತುಂಬ ಹಂಗಿಸಿದವಳು ಒಂದನ್ನೂ ಬಿಟ್ಟಿರಲಿಲ್ಲ. ಬೋರ್ಗಿಲ್ಡ್ ಮೆಟ್ಟಿಲು ಹತ್ತಿ ಒಳಗೆ ನುಗ್ಗಿದಳು.

"ಹುಲ್ಡಾ!"

ಒಲೆಯ ಮೇಲೆ ಕಾಫಿ ಕುದಿದು ಕಪ್ಪಾಗುತ್ತಿತ್ತು. ಮೇಜಿನ ಮೇಲೆ ಪತ್ರಿಕೆ, ಅದರ ಮೇಲೆ ಕನ್ನಡಕದ ಡಬ್ಬಿ. ಬಚ್ಚಲ ಬಾಗಿಲು ಮುಚ್ಚಿತ್ತು. ಬಿಸಿಲಿನಲ್ಲಿ ಹಾವು ಮಲಗಿದ ಹಾಗೆ ಅದರ ಸಂದಿಗೆ ಒತ್ತರಿಸಿದ ಚಿಂದಿಯ ಚಳಿತಡೆ ಒಳಗಡೆಯಿಂದ ತುದಿ ತೋರಿಸುತ್ತಿತ್ತು. ಈಜುಕೊಳದ ವಾಸನೆಯನ್ನು ಹತ್ತು ಪಟ್ಟು ಮಾಡಿದಂಥ ಘಾಟು ಗಂಟಲು ಕೆರೆಯಿತು.

ಬೋರ್ಗಿಲ್ಡ್ ಅಡುಗೆಮನೆಯ ಕಿಟಕಿಗಳನ್ನೂ ಎರಡೂ ಬಾಗಿಲುಗಳನ್ನೂ ದಡದಡ ತೆರೆದಳು. ಹೊರಗಿನ ಗಾಳಿಯನ್ನು ಎದೆ ತುಂಬ ಎಳೆದು, ಉಸಿರು ಕಟ್ಟಿ, ಭುಜ ಕೊಟ್ಟು ಬಚ್ಚಲ ಬಾಗಿಲನ್ನು ನೂಕಿದಳು. ಚಿಂದಿ ಅಡ್ಡಗಟ್ಟಿತು. ಮತ್ತೆ ನೂಕಿದಳು. ಒಳಗೆ ಹುಲ್ಡಾ ಗೋಡೆಗೆ ಒರಗಿ ಕುಸಿದಿದ್ದಳು, ಗಲ್ಲ ಎದೆಗೆ ಬಿದ್ದಿತ್ತು. ಕೈಯಲ್ಲಿ ಇನ್ನೂ ಬ್ರಷ್ಷು.

ಎತ್ತಲು ನೋಡಿದಳು, ಆಗಲಿಲ್ಲ. ಹುಲ್ಡಾ ದಪ್ಪನೆಯ ಹೆಂಗಸು. ಕಣ್ಣು ಉರಿದು ನೀರಿಳಿಯುತ್ತಿತ್ತು, ಕಟ್ಟಿದ ಉಸಿರು ಎದೆಯನ್ನು ಒದೆಯುತ್ತಿತ್ತು. ಹೊರಗೋಡಿ ಇನ್ನೊಂದು ಉಸಿರು ತಂದಳು. ಎರಡನೆಯ ಸಲ ಒಳಬಂದಾಗ ಹುಲ್ಡಾ ಕುಳಿತಿದ್ದ ಬ್ರೆಡ್ಡುಚೀಲದ ಕಾಲೊರೆಸನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದಳು. ಪ್ಲಾಸ್ಟಿಕ್ಕು ನುಣುಪು ನೆಲದ ಮೇಲೆ ಜಾರಿತು. ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಎಳೆದಳು. ಅಡುಗೆಮನೆ ದಾಟಿ, ಜಗುಲಿ ದಾಟಿ, ಇಬ್ಬರೂ ಬಿಸಿಲಿಗೆ ಬಿದ್ದರು.

ಹುಲ್ಡಾಳ ತುಟಿಯನ್ನು ನೋಡಲು ಬೋರ್ಗಿಲ್ಡಳಿಗೆ ಧೈರ್ಯ ಬರಲಿಲ್ಲ. ನೋಡಿದಳು. ನೇರಳೆ.

"ಉಸಿರಾಡೇ. ಹುಲ್ಡಾ, ಬೈಯೇ ನನ್ನ, ಏನಾದ್ರೂ ಬೈಯೇ!" ಅವಳನ್ನು ತನ್ನೆದೆಗೆ ಒರಗಿಸಿ ಕೂರಿಸಿ, ಕೊರಳ ಗುಂಡಿ ಕಿತ್ತಳು. ಏನೂ ಇಲ್ಲ. ಹೊಲದಾಚೆ ಸೆಲ್ಮರನ ಗಾಡಿಯ ಸದ್ದು. ಏನೂ ಇಲ್ಲ. ಆಮೇಲೆ ಎಲ್ಲೋ ಬಹಳ ಆಳದಿಂದ, ಕೂದಲೆಳೆಯಷ್ಟು ತೆಳ್ಳಗೆ, ಸಿಳ್ಳು.

ಆಸ್ಪತ್ರೆಗೆ ಇಪ್ಪತ್ತೆರಡು ಮೈಲಿ. ದಾರಿಯುದ್ದಕ್ಕೂ ಬೋರ್ಗಿಲ್ಡ್ ಆ ಸಿಳ್ಳಿಗೆ ಕಿವಿಗೊಟ್ಟು ಕುಳಿತಳು. ಎರಡು ಸಲ ಅದು ನಿಂತಿತು. ಎರಡು ಸಲವೂ ಸೆಲ್ಮರ್ ಹಿಂತಿರುಗಿ ನೋಡಲಿಲ್ಲ, ಗಾಡಿಯ ವೇಗ ಮಾತ್ರ ಏರಿತು.

ಸಂಜೆ ನಾಲ್ಕಕ್ಕೆ ಡಾಕ್ಟರು ಹೊರಬಂದರು. "ಬದುಕ್ತಾರೆ ಅನ್ಸತ್ತೆ. ಎರಡು ದಿನ ಕಳೀಲಿ. ಆದ್ರೆ ಆ ಎದೆ ಮೊದಲಿನಷ್ಟೂ ಇರಲ್ಲ. ಹೇಗಾಯ್ತು ಇದು?"

"ಒಳಗೆ ಹೋಗಿ ಬಂದು ಹೇಳ್ತೀನಿ" ಎಂದಳು ಬೋರ್ಗಿಲ್ಡ್.

ಹುಲ್ಡಾ ಆಮ್ಲಜನಕದ ಮುಖವಾಡವನ್ನು ಬೆರಳಿನಿಂದ ಸರಿಸಿದಳು. ಮಾತು ತುಂಡು ತುಂಡಾಗಿ ಬಂತು. "ನೀನು... ಬರ್ದ ಹಾಗೇ... ಮಾಡ್ದೆ."

"ಗೊತ್ತು ಕಣೇ. ಮಾತಾಡ್ಬೇಡ."

"ನಾನೇ... ತಪ್ಪಾಗಿ ಓದ್ಕೊಂಡೆ ಅಂತ... ಹೇಳ್ಬಿಡು. ಕನ್ನಡಕ ಹಾಕಿರ್ಲಿಲ್ಲ ಅಂತ." ಉಸಿರಿಗಾಗಿ ನಿಂತಳು. "ಇಲ್ದಿದ್ರೆ ಆ ಹೆಂಗಸರು... ನಿನ್ನ ಬರಿಯೋಕೆ ಬಿಡಲ್ಲ."

ಬೋರ್ಗಿಲ್ಡ್ ಮುಖವಾಡವನ್ನು ಮೆಲ್ಲಗೆ ಮತ್ತೆ ಅವಳ ಮೂಗಿನ ಮೇಲೆ ಇಟ್ಟಳು.

"ನಮ್ಮ ತಂತಿಯ ಒಂಬತ್ತು ಮನೆಗೆ ಫೋನು ಮುಟ್ತು" ಎಂದಳು. "ಪತ್ರಿಕೆ ಹೋಗಿರೋದು ಅರವತ್ತು ಮನೆಗೆ. ಪಟ್ಟಣದಾಚೆಯವ್ರಿಗೆ ಐರೀನ್ ಬೆಳಗಿಂದ ಒಬ್ಬೊಬ್ಬರಿಗೇ ಹೇಳ್ತಿದ್ದಾಳೆ, ಇನ್ನೂ ನಾಲ್ಕು ಮನೆ ಸಿಕ್ಕಿಲ್ವಂತೆ. ನಿನ್ನ ಕನ್ನಡಕದ ಕತೆ ಕಟ್ಟಿದ್ರೆ ಅವರು ಪತ್ರಿಕೇಲಿ ಓದಿರೋದೇ ಸರಿ ಅನ್ಕೋತಾರೆ ಕಣೇ."

ಹುಲ್ಡಾ ಕಣ್ಣು ಮುಚ್ಚಿದಳು. ಎದೆ ಏರಿತು, ತಡೆಯಿತು, ಇಳಿಯಿತು. ಅದು ಮತ್ತೆ ಏರುವ ತನಕ ಕಾದು, ಬೋರ್ಗಿಲ್ಡ್ ಎದ್ದು ಮೊಗಸಾಲೆಗೆ ಬಂದಳು. ಡಾಕ್ಟರು ಅಲ್ಲೇ ಇದ್ದರು.

"ನಾನು ಮಾಡಿದ್ದು" ಎಂದಳು. "ಎಲ್ಲಾ ಹೇಳ್ತೀನಿ. ಮೊದಲು ಫೋನ್ ಎಲ್ಲಿದೆ ತೋರ್ಸಿ, ನಾಲ್ಕು ಮನೆ ಬಾಕಿ ಇದೆ."